ಬಾಹ್ಯಾಕಾಶ ಹಾರಾಟದ ಮೊದಲ ಪಾಠಗಳು: ಆರ್ಬಿಟರ್ ಸಿಮ್ಯುಲೇಟರ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ದಿನ ನಾನು ನೌಕೆಯ ಮೂತಿಯನ್ನು ನೆಟ್ಟಗೆ ಆಕಾಶಕ್ಕೆ ತಿರುಗಿಸಿ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟೆ. ನೀಲಿ ಆಕಾಶ ಕಪ್ಪಾಯಿತು, ಭೂಮಿಯ ಅಂಚು ಬಿಲ್ಲಿನಂತೆ ಬಾಗಿತು, ಎತ್ತರ ಇನ್ನೂರು ಕಿಲೋಮೀಟರ್ ದಾಟಿತು. ಬಾಹ್ಯಾಕಾಶ ತಲುಪಿಯಾಯಿತು ಎಂದು ಎಂಜಿನ್ ಆರಿಸಿದೆ. ನೌಕೆ ಇನ್ನಷ್ಟು ಮೇಲೇರಿತು, ನಿಂತಂತಾಯಿತು, ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ ಹೊರಟ ಜಾಗದ ಹತ್ತಿರವೇ ನೆಲಕ್ಕೆ ಬಿತ್ತು.

ಕೊರತೆ ಎತ್ತರದ್ದಾಗಿರಲಿಲ್ಲ. 400 ಕಿ.ಮೀ. ಮೇಲೆಯೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ 88ರಷ್ಟು ಇದ್ದೇ ಇರುತ್ತದೆ. ಅಷ್ಟು ಎತ್ತರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಉಳಿದಿರುವುದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ಅಡ್ಡವೇಗದ ಬಲದಿಂದ. ಅದು ಸದಾ ಬೀಳುತ್ತಲೇ ಇದೆ. ಅದು ಬಿದ್ದಷ್ಟೂ ಭೂಮಿಯ ಮೈ ಕೆಳಗೆ ಬಾಗಿ ಸರಿಯುತ್ತದೆ, ಹಾಗಾಗಿ ನೆಲ ಸಿಗುವುದಿಲ್ಲ. ಈ ಮಾತನ್ನು ಶಾಲೆಯ ಪಾಠದಲ್ಲಿ ಓದಿ ಒಪ್ಪಿಕೊಂಡಿದ್ದೆ. ಅದು ಮೈಗೆ ಹತ್ತಿದ್ದು ಮಾತ್ರ ಸಿಮ್ಯುಲೇಟರಿನಲ್ಲಿ ಹತ್ತಾರು ಬಾರಿ ಬಿದ್ದ ಮೇಲೆ.

ಈ ಬರಹ ಆರ್ಬಿಟರ್ ಎಂಬ ಸಿಮ್ಯುಲೇಟರಿನ ಬಗ್ಗೆ. ಇದನ್ನು ಬರೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಟಿನ್ ಶ್ವೈಗರ್. ಮೊದಲ ಆವೃತ್ತಿ 2000ರಲ್ಲಿ ಬಂತು, 2021ರಲ್ಲಿ ಅದರ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತಗೊಳಿಸಲಾಯಿತು. ಪೂರ್ತಿ ಉಚಿತ. ಇದರಲ್ಲಿ ಅಂಕಗಳಿಲ್ಲ, ಹಂತಗಳಿಲ್ಲ, ಗೆಲುವಿನ ಸಂಗೀತವಿಲ್ಲ. ಸೌರಮಂಡಲವಿದೆ, ನ್ಯೂಟನ್ನನ ನಿಯಮಗಳಿವೆ, ಒಂದು ನೌಕೆಯಿದೆ. ಆಟದ ರುಚಿ ಬೇಕೆನ್ನುವವರಿಗೆ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಒಳ್ಳೆಯ ಆಯ್ಕೆ. ಅದರ ಪುಟ್ಟ ಗ್ರಹದ ತ್ರಿಜ್ಯ 600 ಕಿ.ಮೀ. ಮಾತ್ರ, ಆದ್ದರಿಂದ ಕಕ್ಷೆ ಸೇರುವುದು ಸುಲಭ. ನಿಜವಾದ ಭೂಮಿ, ನಿಜವಾದ ದೂರ, ನಿಜವಾದ ಕಾಯುವಿಕೆ ಬೇಕು ಎನ್ನುವವರು ಮುಂದೆ ಓದಿ.

ಏನೇನು ಬೇಕು, ಹೇಗೆ ಅಳವಡಿಸಬೇಕು

ವಿಂಡೋಸ್ ಇರುವ ಸಾಧಾರಣ ಕಂಪ್ಯೂಟರ್ ಸಾಕು. ಕೀಬೋರ್ಡಿನ ಬಲಬದಿಯಲ್ಲಿ ನಂಬರ್ ಪ್ಯಾಡ್ ಇರಲೇಬೇಕು ಎನ್ನುವುದು ನನ್ನ ಅನುಭವದ ಮಾತು. ನೌಕೆಯನ್ನು ತಿರುಗಿಸುವುದು, ಎಂಜಿನ್ ಹಚ್ಚುವುದು, ಆರಿಸುವುದು ಎಲ್ಲವೂ ಅಲ್ಲಿಯೇ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಅದಿಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಬೇರೆ ನಂಬರ್ ಪ್ಯಾಡ್ ಒಂದನ್ನು ತಂದುಕೊಳ್ಳಿ. ಜಾಯ್‌ಸ್ಟಿಕ್ ಇಲ್ಲದಿದ್ದರೂ ನಡೆಯುತ್ತದೆ.

ಆರ್ಬಿಟರ್ ಜಿಪ್ ಕಡತವಾಗಿ ಸಿಗುತ್ತದೆ. ಹೊಸದೊಂದು ಫೋಲ್ಡರ್ ಮಾಡಿ ಅದರೊಳಗೆ ಬಿಚ್ಚಿಕೊಳ್ಳಿ. ವಿಂಡೋಸಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇಡಬೇಡಿ. ಅಲ್ಲಿ ಬರೆಯಲು ವಿಂಡೋಸ್ ತಡೆ ಒಡ್ಡುವುದರಿಂದ ಉಳಿಸಿದ ಹಾರಾಟಗಳು, ಆಮೇಲೆ ಸೇರಿಸುವ ಆಡ್-ಆನ್‌ಗಳು ಕೈಕೊಡುತ್ತವೆ. ಗ್ರಹಗಳ ಸೂಕ್ಷ್ಮ ಚಿತ್ರಗಳು ಬೇರೆಯೇ ಡೌನ್‌ಲೋಡ್ ಆಗಿದ್ದು ಗಾತ್ರದಲ್ಲಿ ದೊಡ್ಡವು. ಕಲಿಕೆಗೆ ಅವು ಬೇಕಿಲ್ಲ, ಮುಂದೊಂದು ದಿನ ಇಳಿಸಿಕೊಂಡರಾಯಿತು. ಫೋಲ್ಡರಿನಲ್ಲಿ ಆರ್ಬಿಟರ್ ಮತ್ತು ಆರ್ಬಿಟರ್-ಎನ್‌ಜಿ ಎಂಬ ಎರಡು ಪ್ರೋಗ್ರಾಂಗಳು ಕಾಣುತ್ತವೆ. ಎರಡನೆಯದು ಡಿ3ಡಿ9 ಕ್ಲೈಂಟ್‌ನಂತಹ ಪ್ರತ್ಯೇಕ ಗ್ರಾಫಿಕ್ಸ್ ಭಾಗದೊಂದಿಗೆ ಓಡುತ್ತದೆ. ಚಿತ್ರ ಚೆನ್ನಾಗಿ ಬರುವುದು ಇದರಲ್ಲಿಯೇ.

ಪ್ರೋಗ್ರಾಂ ತೆರೆದೊಡನೆ ಲಾಂಚ್‌ಪ್ಯಾಡ್ ಎಂಬ ಕಿಟಕಿ ಬರುತ್ತದೆ. ಅದರ ಪ್ಯಾರಾಮೀಟರ್ಸ್ ಪುಟದಲ್ಲಿ ಮೂರು ಕಡೆ ಗಮನ ಕೊಡಿ. ಸಂಕೀರ್ಣ ಹಾರಾಟ ಮಾದರಿಯನ್ನು ಆನ್ ಮಾಡಿ. ಹಾನಿ ಮತ್ತು ವೈಫಲ್ಯದ ಆಯ್ಕೆಯನ್ನು ಸದ್ಯಕ್ಕೆ ಆಫ್ ಮಾಡಿ. ಗೋಳಾಕಾರವಲ್ಲದ ಗುರುತ್ವದ ಆಯ್ಕೆಯನ್ನೂ ಆಫ್ ಮಾಡಿ. ಭೂಮಿಯ ನಡು ತುಸು ಉಬ್ಬಿರುವುದರಿಂದ ಕಕ್ಷೆಗಳು ನಿಧಾನವಾಗಿ ತಿರುಚಿಕೊಳ್ಳುತ್ತವೆ. ಅದು ನಿಜವೇ ಆದರೂ ಮೊದಲ ತಿಂಗಳಲ್ಲಿ ನಿಮ್ಮ ತಪ್ಪು ಯಾವುದು, ಭೂಮಿಯ ಉಬ್ಬಿನ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗದೆ ಗೊಂದಲವಾಗುತ್ತದೆ. ಸೀಮಿತ ಇಂಧನದ ಆಯ್ಕೆಯನ್ನು ಮಾತ್ರ ಆನ್ ಆಗಿಯೇ ಬಿಡಿ. ಇಂಧನ ಖಾಲಿಯಾಗುವ ಭಯವಿಲ್ಲದೆ ಕಲಿತವರಿಗೆ ಕಕ್ಷೆಯ ಲೆಕ್ಕ ಎಂದೂ ಹತ್ತುವುದಿಲ್ಲ.

ಯಾವ ನೌಕೆ, ಎಲ್ಲಿಂದ ಶುರು

ಜೊತೆಗೆ ಬರುವ ನೌಕೆಗಳಲ್ಲಿ ಡೆಲ್ಟಾ-ಗ್ಲೈಡರ್ ಆರಿಸಿಕೊಳ್ಳಿ. ರನ್‌ವೇಯಿಂದ ವಿಮಾನದಂತೆ ಎದ್ದು ಕಕ್ಷೆಗೆ ಹೋಗಬಲ್ಲ ಕಾಲ್ಪನಿಕ ನೌಕೆ ಇದು. ಇದರ ಎಂಜಿನ್ ಇಂದಿನ ಯಾವ ರಾಸಾಯನಿಕ ರಾಕೆಟ್ಟಿಗಿಂತಲೂ ಹಲವು ಪಟ್ಟು ದಕ್ಷ, ಆದ್ದರಿಂದ ಅಡ್ಡಾದಿಡ್ಡಿ ಏರಿದರೂ ಇಂಧನ ಉಳಿಯುತ್ತದೆ. ಅಟ್ಲಾಂಟಿಸ್ ಷಟಲ್ ಕಂಡು ಕೈ ತುರಿಸುವುದು ಸಹಜ. ಅದಕ್ಕೆ ಕ್ಷಮಾಗುಣ ಕಡಿಮೆ, ಆಮೇಲೆ ನೋಡಿದರಾಯಿತು.

ಹೆಚ್ಚಿನವರು ರನ್‌ವೇಯಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಅದಕ್ಕೆ ತಿರುವುಮುರುವು. ಸಿನಾರಿಯೊ ಪಟ್ಟಿಯಲ್ಲಿ ಡೆಲ್ಟಾ-ಗ್ಲೈಡರ್ ಫೋಲ್ಡರ್ ತೆರೆದು, ನೌಕೆ ಈಗಾಗಲೇ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿಕೊಂಡಿರುವ ಸನ್ನಿವೇಶವನ್ನು ಆರಿಸಿ. ಉಡಾವಣೆಯಲ್ಲಿ ಗಾಳಿ, ವೇಗ, ದಿಕ್ಕು, ಎತ್ತರ ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತವೆ. ಕಕ್ಷೆಯಲ್ಲಿ ಗಡಿಬಿಡಿಯಿಲ್ಲ. ಒಂದು ಕೀ ಒತ್ತಿ, ಏನಾಯಿತೆಂದು ನೋಡಿ, ಬೇಕಾದರೆ ಕಂಟ್ರೋಲ್-ಪಿ ಒತ್ತಿ ಕಾಲವನ್ನೇ ನಿಲ್ಲಿಸಿ ಯೋಚಿಸಬಹುದು. ಎಲ್ಲಿಗೆ ತಲುಪಬೇಕು ಎಂಬುದು ಕಣ್ಣಿಗೆ ಕಟ್ಟಿದ ಮೇಲೆ ಉಡಾವಣೆ ಅರ್ಧ ಕಲಿತಂತೆಯೇ.

ಮೊದಲ ಸಂಜೆ: ತೇಲುವುದನ್ನು ಕಲಿಯಿರಿ

ಕಂಟ್ರೋಲ್-ಡಿ ಒತ್ತಿದರೆ ನೌಕೆ ನಿಲ್ದಾಣದಿಂದ ಕಳಚಿಕೊಳ್ಳುತ್ತದೆ. ಎಫ್1 ಒತ್ತಿ ಹೊರಗಿನಿಂದ ನೌಕೆಯನ್ನು ಒಮ್ಮೆ ಕಣ್ತುಂಬ ನೋಡಿ, ಮತ್ತೆ ಎಫ್1 ಒತ್ತಿ ಒಳಗೆ ಬನ್ನಿ. ಎಫ್8 ಒತ್ತಿದಂತೆಲ್ಲ ಚಾಲಕನ ಕೋಣೆಯ ಬೇರೆ ಬೇರೆ ನೋಟಗಳು ಬರುತ್ತವೆ. ಕಣ್ಣಿಗೆ ಹಿತವೆನಿಸಿದ್ದರಲ್ಲಿ ನಿಲ್ಲಿ.

ನಂಬರ್ ಪ್ಯಾಡಿನಲ್ಲಿ 2 ಮತ್ತು 8 ಮೂತಿಯನ್ನು ಏರಿಸಿ ಇಳಿಸುತ್ತವೆ, 4 ಮತ್ತು 6 ಮಗ್ಗುಲಾಗಿ ಉರುಳಿಸುತ್ತವೆ, 1 ಮತ್ತು 3 ಮೂತಿಯನ್ನು ಎಡಬಲಕ್ಕೆ ಹೊರಳಿಸುತ್ತವೆ. 6 ಒತ್ತಿ ಬಿಡಿ. ನೌಕೆ ಉರುಳುತ್ತಲೇ ಇರುತ್ತದೆ, ಕೀ ಬಿಟ್ಟರೂ ನಿಲ್ಲುವುದಿಲ್ಲ. ನಿಲ್ಲಿಸಲು ಗಾಳಿಯಿಲ್ಲ, ನೆಲವಿಲ್ಲ. ಎದುರು ದಿಕ್ಕಿನ 4 ಅನ್ನು ಅಷ್ಟೇ ಹೊತ್ತು ಒತ್ತಬೇಕು. ನಡುವಿನ 5 ಒತ್ತಿದರೆ ತಾನೇ ಎಲ್ಲ ತಿರುಗುವಿಕೆಯನ್ನೂ ನಿಲ್ಲಿಸುತ್ತದೆ. ಆದರೆ ಮೊದಲ ಅರ್ಧ ಗಂಟೆ 5 ಮುಟ್ಟದೆ ಕೈಯಾರೆ ನಿಲ್ಲಿಸಿ ನೋಡಿ. ಬೆರಳುಗಳಿಗೆ ಅಳತೆ ಸಿಗುವುದು ಹಾಗೆಯೇ.

ನಂಬರ್ ಪ್ಯಾಡಿನ ಓರೆಗೆರೆ ಕೀ ಪುಟ್ಟ ಥ್ರಸ್ಟರ್‌ಗಳ, ಎಂದರೆ ಮೈಸುತ್ತಲಿನ ಚಿಕ್ಕ ಎಂಜಿನ್‌ಗಳ, ಕೆಲಸವನ್ನೇ ಬದಲಿಸುತ್ತದೆ. ತಿರುಗಿಸುತ್ತಿದ್ದವು ಈಗ ನೌಕೆಯನ್ನು ಸರಿಸುತ್ತವೆ. 6 ಮುಂದಕ್ಕೆ, 9 ಹಿಂದಕ್ಕೆ, ಉಳಿದವು ಮೇಲೆ ಕೆಳಗೆ ಪಕ್ಕಕ್ಕೆ. ಕಂಟ್ರೋಲ್ ಹಿಡಿದು ಒತ್ತಿದರೆ ಬಲ ತೀರಾ ಕಡಿಮೆಯಾಗುತ್ತದೆ. ನಿಲ್ದಾಣದಿಂದ ಐವತ್ತು ಮೀಟರ್ ಹಿಂದೆ ಸರಿದು, ಅಲ್ಲಿಯೇ ನಿಂತು, ಮತ್ತೆ ಹತ್ತಿರ ಹೋಗಿ. ಮೊದಲ ಸಂಜೆಗೆ ಇಷ್ಟು ಸಾಕು. ಹೊರಡುವ ಮುನ್ನ ಕಂಟ್ರೋಲ್-ಎಸ್ ಒತ್ತಿ ಹಾರಾಟವನ್ನು ಉಳಿಸಿಕೊಳ್ಳಿ.

ಕಿಟಕಿಯನ್ನು ನಂಬಬೇಡಿ, ಕಕ್ಷೆಯ ಚಿತ್ರವನ್ನು ಓದಿ

ಈ ಇಡೀ ಬರಹದಿಂದ ನೀವು ಒಂದೇ ಒಂದನ್ನು ಉಳಿಸಿಕೊಳ್ಳುವುದಾದರೆ ಈ ಭಾಗವನ್ನು ಉಳಿಸಿಕೊಳ್ಳಿ.

ಚಾಲಕನ ಮುಂದೆ ಎರಡು ಚೌಕ ಪರದೆಗಳಿರುತ್ತವೆ. ಇವೇ ಎಂಎಫ್‌ಡಿಗಳು, ಒಂದೇ ಪರದೆಯಲ್ಲಿ ಹಲವು ಉಪಕರಣಗಳು. ಅಂಚಿನ ಗುಂಡಿಗಳನ್ನು ಮೌಸಿನಿಂದ ಒತ್ತಿ ಎಡಗಡೆಯದರಲ್ಲಿ ಆರ್ಬಿಟ್ ಆರಿಸಿ. ಹಸಿರು ಗೆರೆಯ ಒಂದು ದೀರ್ಘವೃತ್ತ ಕಾಣುತ್ತದೆ. ಅದು ನಿಮ್ಮ ದಾರಿ. ಎಂಜಿನ್ ಮುಟ್ಟದಿದ್ದರೆ ನೌಕೆ ಅದೇ ಗೆರೆಯ ಮೇಲೆ ಸುತ್ತುತ್ತಿರುತ್ತದೆ. ಪಕ್ಕದಲ್ಲಿ ಅಂಕಿಗಳ ಸಾಲು. ಅವುಗಳಲ್ಲಿ ಪಿ-ಇ ಎಂದು ಶುರುವಾಗುವುದು ಸಮೀಪಬಿಂದು, ಎಂದರೆ ದಾರಿಯಲ್ಲಿ ಭೂಮಿಗೆ ಅತಿ ಹತ್ತಿರದ ಜಾಗ. ಎ-ಪಿ ಎಂದು ಶುರುವಾಗುವುದು ದೂರಬಿಂದು. ಮೊದಲಿಗೆ ಇವು ಭೂಮಿಯ ಕೇಂದ್ರದಿಂದ ಅಳೆದ ದೂರಗಳಾಗಿರುತ್ತವೆ. ಡಿಎಸ್‌ಟಿ ಗುಂಡಿ ಒತ್ತಿದರೆ ನೆಲದಿಂದ ಎತ್ತರವಾಗಿ ಬದಲಾಗುತ್ತವೆ. ಒತ್ತಿಯೇ ಬಿಡಿ. 6,771 ಎನ್ನುವುದಕ್ಕಿಂತ 400 ಎನ್ನುವುದು ಮನಸ್ಸಿಗೆ ಬೇಗ ಹತ್ತುತ್ತದೆ.

ಈಗ ಪ್ರಯೋಗ. ನಿಲ್ದಾಣದಿಂದ ಸಾಕಷ್ಟು ದೂರ ಸರಿದುಕೊಳ್ಳಿ. ಎಡ ಚೌಕ ಆವರಣದ ಕೀ, ಅಂದರೆ [ ಒತ್ತಿದರೆ ನೌಕೆ ತಾನು ಸಾಗುತ್ತಿರುವ ದಿಕ್ಕಿಗೆ ಮೂತಿ ತಿರುಗಿಸಿಕೊಳ್ಳುತ್ತದೆ. ಇದಕ್ಕೆ ಪ್ರೋಗ್ರೇಡ್ ಎಂದು ಹೆಸರು. ಬಲ ಆವರಣ ] ಒತ್ತಿದರೆ ಅದಕ್ಕೆ ನೇರ ವಿರುದ್ಧ, ರೆಟ್ರೋಗ್ರೇಡ್. ಪ್ರೋಗ್ರೇಡಿಗೆ ತಿರುಗಿ ನಿಂತ ಮೇಲೆ ನಂಬರ್ ಪ್ಯಾಡಿನ ಕೂಡಿಸುವ ಚಿಹ್ನೆಯ ಕೀಯನ್ನು ಕೆಲವು ಸೆಕೆಂಡು ಒತ್ತಿ, ಮುಖ್ಯ ಎಂಜಿನ್ ಉರಿಯುತ್ತದೆ. ಕಿಟಕಿಯಾಚೆ ಏನೂ ಬದಲಾಗಿಲ್ಲ: ಅದೇ ಭೂಮಿ, ಅದೇ ಮೋಡ. ಪರದೆ ನೋಡಿ. ದೀರ್ಘವೃತ್ತದ ಆಚೆ ಬದಿ, ನೀವು ಇರುವ ಜಾಗಕ್ಕೆ ಸರಿ ಎದುರಿನ ಬದಿ, ಹೊರಕ್ಕೆ ಉಬ್ಬಿದೆ. ನೀವು ಇರುವ ಕಡೆ ಗೆರೆ ಇದ್ದಲ್ಲೇ ಇದೆ.

ಅಳತೆಯೂ ಗೊತ್ತಿರಲಿ. 400 ಕಿ.ಮೀ. ವೃತ್ತಾಕಾರದ ಕಕ್ಷೆಯಲ್ಲಿ ಸೆಕೆಂಡಿಗೆ ಬರೀ 1 ಮೀಟರ್ ವೇಗ ಕೂಡಿಸಿದರೆ ಎದುರು ಬದಿ ಸುಮಾರು 3.5 ಕಿ.ಮೀ. ಏರುತ್ತದೆ. 100 ಮೀಟರ್ ಕೂಡಿಸಿದರೆ ಸುಮಾರು 350 ಕಿ.ಮೀ. ಕಳೆದರೆ ಅಷ್ಟೇ ಇಳಿಯುತ್ತದೆ. ಎಲ್ಲಿ ಎಂಜಿನ್ ಹಚ್ಚುತ್ತೀರೋ ಅದರ ಫಲ ಅರ್ಧ ಸುತ್ತಿನಾಚೆ ಕಾಣುತ್ತದೆ. ದೂರಬಿಂದುವನ್ನು ಏರಿಸಬೇಕಾದರೆ ಸಮೀಪಬಿಂದುವಿನಲ್ಲಿ ಹಚ್ಚಿ, ಸಮೀಪಬಿಂದುವನ್ನು ಏರಿಸಬೇಕಾದರೆ ದೂರಬಿಂದುವಿನವರೆಗೆ ಕಾಯಿರಿ. 1925ರಲ್ಲಿ ವಾಲ್ಟರ್ ಹೋಮನ್ ಎಂಬ ಜರ್ಮನ್ ಎಂಜಿನಿಯರ್ ಕಾಗದದ ಮೇಲೆ ತೋರಿಸಿಕೊಟ್ಟ, ಒಂದು ಕಕ್ಷೆಯಿಂದ ಇನ್ನೊಂದಕ್ಕೆ ದಾಟುವ ಮಿತವ್ಯಯದ ದಾರಿ ಇದೇ ಎರಡು ಉರಿಗಳಿಂದ ಆದದ್ದು. ರಾಕೆಟ್ಟೇ ಬಾಹ್ಯಾಕಾಶ ಮುಟ್ಟಿರದ ಕಾಲದಲ್ಲಿ ಅವರು ಅದನ್ನು ಕಂಡರೆಂಬುದು ನನಗೆ ಇಂದಿಗೂ ಅಚ್ಚರಿ.

ಇಷ್ಟು ಅರ್ಥವಾದ ಮೇಲೆ ಒಂದು ಅಭ್ಯಾಸ. 400 ಕಿ.ಮೀ. ಕಕ್ಷೆಯನ್ನು 600 ಕಿ.ಮೀ. ವೃತ್ತವಾಗಿಸಿ, ಮತ್ತೆ 400ಕ್ಕೆ ತನ್ನಿ. ಅರ್ಧ ಸುತ್ತು ಕಾಯಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು, ಆದ್ದರಿಂದ ಟಿ ಕೀ ಬಳಸಿ. ಒಮ್ಮೆ ಒತ್ತಿದರೆ ಕಾಲ ಹತ್ತು ಪಟ್ಟು ವೇಗವಾಗಿ ಓಡುತ್ತದೆ, ಎರಡು ಬಾರಿಗೆ ನೂರು ಪಟ್ಟು. ಆರ್ ಕೀ ನಿಧಾನಗೊಳಿಸುತ್ತದೆ. ಎಂಜಿನ್ ಉರಿಯುವಾಗ, ನೌಕೆ ತಿರುಗುವಾಗ ಕಾಲ ಒಂದು ಪಟ್ಟಿನಲ್ಲಿಯೇ ಇರಲಿ. ಬಿಂದು ತಲುಪಲು ಒಂದೆರಡು ನಿಮಿಷವಿರುವಾಗಲೇ ಆರ್ ಒತ್ತಿ ಸಜ್ಜಾಗಿ. ನೂರು ಪಟ್ಟು ವೇಗದಲ್ಲಿ ಬಿಂದುವನ್ನು ದಾಟಿಬಿಟ್ಟರೆ ಮತ್ತೊಂದು ಸುತ್ತು ಕಾಯದೆ ಬೇರೆ ದಾರಿಯಿಲ್ಲ.

ನೆಲದಿಂದ ಕಕ್ಷೆಗೆ

ಈಗ ಕೆನಡಿ ಬಾಹ್ಯಾಕಾಶ ಕೇಂದ್ರದ ರನ್‌ವೇಯಲ್ಲಿ ನಿಂತಿರುವ ಡೆಲ್ಟಾ-ಗ್ಲೈಡರ್ ಸನ್ನಿವೇಶ ತೆರೆಯಿರಿ. ಒಂದು ಪರದೆಯಲ್ಲಿ ಸರ್ಫೇಸ್, ಇನ್ನೊಂದರಲ್ಲಿ ಆರ್ಬಿಟ್. ಹೊರಡುವ ಮೊದಲು ಆರ್ಬಿಟ್ ಪರದೆಯನ್ನು ಒಂದು ನಿಮಿಷ ನೋಡಿ. ನೆಲದ ಮೇಲೆ ನಿಂತಿದ್ದರೂ ನಿಮಗೊಂದು ಕಕ್ಷೆಯಿದೆ! ಭೂಮಿಯ ಕೇಂದ್ರದ ಪಕ್ಕದಲ್ಲೇ ಹಾದುಹೋಗುವ ಸಪೂರ ದೀರ್ಘವೃತ್ತ, ಅದರ ಸಮೀಪಬಿಂದುವಿನ ಎತ್ತರ ಋಣ ಆರು ಸಾವಿರ ಕಿ.ಮೀ.ಗಳಿಗೂ ಕೆಳಗೆ. ಭೂಮಿಯ ಆವರ್ತನದಿಂದಲೇ ನಿಮಗೆ ಪೂರ್ವದ ಕಡೆಗೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗ ಸಿಕ್ಕಿರುವುದರಿಂದ ಅದು ಗೆರೆಯಾಗದೆ ದೀರ್ಘವೃತ್ತವಾಗಿದೆ. ಉಡಾವಣೆ ಎಂದರೆ ಈ ಋಣ ಅಂಕಿಯನ್ನು ಧನವಾಗಿಸುವುದು, ಅಷ್ಟೇ. ಪೂರ್ವಕ್ಕೆ ಹಾರಿದರೆ ಆ 400 ಮೀಟರ್ ಪುಕ್ಕಟೆಯಾಗಿ ಸಿಗುತ್ತದೆ.

ಕಂಟ್ರೋಲ್ ಹಿಡಿದು ನಂಬರ್ ಪ್ಯಾಡಿನ ಕೂಡಿಸುವ ಕೀಯನ್ನು ಒತ್ತಿ ಹಿಡಿದರೆ ಮುಖ್ಯ ಎಂಜಿನ್ನಿನ ಬಲ ಏರುತ್ತಾ ಹೋಗಿ, ಕೈಬಿಟ್ಟ ಮೇಲೂ ಅಲ್ಲಿಯೇ ನಿಲ್ಲುತ್ತದೆ. ಪೂರ್ತಿ ಏರಿಸಿ. ವೇಗ ಸೆಕೆಂಡಿಗೆ ನೂರು ಮೀಟರ್ ದಾಟಿದ ಮೇಲೆ 2 ಒತ್ತಿ ಮೂತಿಯನ್ನು ಮೆಲ್ಲಗೆ ಎತ್ತಿ. ನೆಲ ಬಿಟ್ಟೊಡನೆ ಜಿ ಒತ್ತಿ ಚಕ್ರಗಳನ್ನು ಒಳಗೆ ಸೇರಿಸಿ. ವಿಮಾನದಂತೆ ಓರೆಯಾಗಿ ತಿರುಗಿ 90 ಡಿಗ್ರಿ ದಿಕ್ಕಿಗೆ, ಅಂದರೆ ಪೂರ್ವಕ್ಕೆ ಮುಖ ಮಾಡಿ. ನಂತರ ಮೂತಿಯನ್ನು 60ರಿಂದ 70 ಡಿಗ್ರಿ ಎತ್ತಿ ಏರಿ. ದಟ್ಟ ಗಾಳಿಯಿಂದ ಬೇಗ ಹೊರಬರುವುದು ಈ ಹಂತದ ಉದ್ದೇಶ. ಮೂವತ್ತು ಕಿ.ಮೀ. ದಾಟಿದ ಮೇಲೆ ಮೂತಿಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ ಬನ್ನಿ. ನೂರು ಕಿ.ಮೀ. ಸಮೀಪಿಸುವ ಹೊತ್ತಿಗೆ ಅದು ದಿಗಂತದಿಂದ ಹತ್ತಿಪ್ಪತ್ತು ಡಿಗ್ರಿ ಮೇಲಿದ್ದರೆ ಸಾಕು. ಈ ಅಂಕಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ, ಡೆಲ್ಟಾ-ಗ್ಲೈಡರ್ ಹೆಚ್ಚುಕಡಿಮೆಯನ್ನು ಸಹಿಸುತ್ತದೆ.

ಕಣ್ಣು ಇನ್ನು ದೂರಬಿಂದುವಿನ ಮೇಲಿರಲಿ. ಅದು 200 ಕಿ.ಮೀ. ಮುಟ್ಟಿದೊಡನೆ ನಂಬರ್ ಪ್ಯಾಡಿನ ನಕ್ಷತ್ರದ ಕೀ ಒತ್ತಿ ಎಂಜಿನ್ ಆರಿಸಿ. ನೌಕೆ ಎಸೆದ ಕಲ್ಲಿನಂತೆ ಆ ಎತ್ತರಕ್ಕೆ ತಾನೇ ತೇಲಿ ಹೋಗುತ್ತದೆ. ದೂರಬಿಂದುವಿಗೆ ಇನ್ನು ಅರ್ಧ ನಿಮಿಷವಿದೆ ಎನ್ನುವಾಗ ಪ್ರೋಗ್ರೇಡಿಗೆ ತಿರುಗಿ ಮತ್ತೆ ಎಂಜಿನ್ ಹಚ್ಚಿ. ವೇಗ ಸೆಕೆಂಡಿಗೆ 7.8 ಕಿ.ಮೀ. ಹತ್ತಿರವಾಗುತ್ತಿದ್ದಂತೆ ಸಮೀಪಬಿಂದುವಿನ ಅಂಕಿ ಒಮ್ಮೆಲೇ ಓಡತೊಡಗುತ್ತದೆ: ಋಣ 900, ಋಣ 500, ಋಣ 100, ಸೊನ್ನೆ, 90. ಕೊನೆಯ ನೂರು ಮೀಟರ್ ವೇಗಕ್ಕೇ ಮುನ್ನೂರೈವತ್ತು ಕಿ.ಮೀ. ಏರುತ್ತದೆ ಎಂಬ ಹಿಂದಿನ ಲೆಕ್ಕ ಈಗ ಕಣ್ಣೆದುರೇ ನಡೆಯುತ್ತದೆ. ಆದ್ದರಿಂದ ಕೊನೆಗೆ ಬಲ ತಗ್ಗಿಸಿ, ಸಮೀಪಬಿಂದುವೂ 200ರ ಆಸುಪಾಸಿಗೆ ಬಂದಾಗ ಆರಿಸಿ. ದೀರ್ಘವೃತ್ತ ಭೂಮಿಯ ಗೆರೆಯನ್ನು ಎಲ್ಲಿಯೂ ಮುಟ್ಟದೆ ದುಂಡಗೆ ನಿಂತಿರುತ್ತದೆ. ನಾನು ಮೊದಲ ಬಾರಿ ಇಲ್ಲಿಗೆ ತಲುಪಿದ್ದು ನಡುರಾತ್ರಿ. ಎದ್ದು ಹೋಗಲು ಮನಸ್ಸಾಗದೆ ಒಂದು ಪೂರ್ತಿ ಸುತ್ತು, ಎಂಬತ್ತೆಂಟು ನಿಮಿಷ, ಕಾಲವನ್ನು ವೇಗಗೊಳಿಸದೆ ಕಿಟಕಿಯ ಬಳಿ ಕುಳಿತಿದ್ದೆ.

ಹಿಡಿಯಲು ಹೋದರೆ ಜಾರುವ ಗುರಿ

1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಕಳಚಿಕೊಂಡ ಎರಡನೆಯ ಹಂತದ ಬಳಿ ಹೋಗಲು ಯತ್ನಿಸಿದರು. ಅದು ಕಣ್ಣಿಗೆ ಕಾಣುತ್ತಿತ್ತು. ಅದರತ್ತ ಮೂತಿ ತಿರುಗಿಸಿ ಥ್ರಸ್ಟರ್ ಹಚ್ಚಿದರು. ಅದು ದೂರವಾಯಿತು. ಇಂಧನ ಕರಗುತ್ತಾ ಬಂದಾಗ ಪ್ರಯತ್ನ ಕೈಬಿಡಬೇಕಾಯಿತು. ಅವರು ನುರಿತ ಪರೀಕ್ಷಾ ವಿಮಾನ ಚಾಲಕರು. ಭೂಮಿಯ ಮೇಲಿನ ಅಭ್ಯಾಸವೇ ಅಲ್ಲಿ ಅಡ್ಡಬಂದಿತು.

ಕಾರಣ ಸರಳ. ಮುಂದಿರುವುದನ್ನು ಹಿಡಿಯಲು ವೇಗ ಹೆಚ್ಚಿಸಿದರೆ ಕಕ್ಷೆ ದೊಡ್ಡದಾಗುತ್ತದೆ, ದೊಡ್ಡ ಕಕ್ಷೆಯನ್ನು ಸುತ್ತಲು ಹೆಚ್ಚು ಹೊತ್ತು ಬೇಕು, ಹಾಗಾಗಿ ನೀವು ಹಿಂದೆ ಬೀಳುತ್ತೀರಿ. 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 1 ಮೀಟರ್ ಕೂಡಿಸಿದರೆ ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ತಡವಾಗುತ್ತದೆ. ಎರಡು ಸೆಕೆಂಡು ಎಂದರೆ ಅಲ್ಲಿ ಹದಿನೈದು ಕಿ.ಮೀ.ಗೂ ಹೆಚ್ಚು ದೂರ. ಮುಂದಿರುವುದನ್ನು ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿನ ಚಿಕ್ಕ ಕಕ್ಷೆಗೆ ಇಳಿಯಬೇಕು.

ನಿಲ್ದಾಣವನ್ನು ಸೇರುವ ಕೆಲಸ ಮೂರು ಭಾಗದ್ದು.

ಮೊದಲನೆಯದು ಎರಡೂ ಕಕ್ಷೆಗಳ ಸಮತಲ ಒಂದಾಗಬೇಕು. ನಿಲ್ದಾಣದ ಕಕ್ಷೆ ಸಮಭಾಜಕ ವೃತ್ತಕ್ಕೆ 51.6 ಡಿಗ್ರಿ ಓರೆಯಾಗಿದೆ. ನೀವು ನೆಟ್ಟಗೆ ಪೂರ್ವಕ್ಕೆ ಹಾರಿದ್ದರೆ ನಿಮ್ಮದು ಸುಮಾರು 28.5 ಡಿಗ್ರಿ, ಕೆನಡಿ ಕೇಂದ್ರದ ಅಕ್ಷಾಂಶದಷ್ಟೇ. ಕಕ್ಷೆಯಲ್ಲಿ ಸಮತಲ ತಿರುಗಿಸುವುದು ಬಲು ದುಬಾರಿ: ಒಂದೊಂದು ಡಿಗ್ರಿಗೂ ಸೆಕೆಂಡಿಗೆ ಸುಮಾರು 134 ಮೀಟರ್ ವೇಗ ತೆರಬೇಕು. ಅದಕ್ಕೇ ನಿಲ್ದಾಣಕ್ಕೆ ಹೊರಡುವವರು ಭೂಮಿ ತಿರುಗುತ್ತಾ ರನ್‌ವೇಯನ್ನು ನಿಲ್ದಾಣದ ಸಮತಲದ ಕೆಳಗೆ ತರುವವರೆಗೆ ಕಾಯುತ್ತಾರೆ. ಮ್ಯಾಪ್ ಪರದೆಯಲ್ಲಿ ನಿಲ್ದಾಣದ ಕಕ್ಷೆಯ ಗೆರೆ ರನ್‌ವೇಯನ್ನು ಹಾಯುವ ಗಳಿಗೆ ಅದು. ದಿನಕ್ಕೆ ಎರಡು ಬಾರಿ ಬರುತ್ತದೆ. ಗೆರೆ ಈಶಾನ್ಯಕ್ಕೆ ಏರುತ್ತಿರುವ ಹೊತ್ತಿನಲ್ಲಿ 90ರ ಬದಲು 43 ಡಿಗ್ರಿ ಆಸುಪಾಸಿನ ದಿಕ್ಕಿಗೆ ಹಾರಿ. ಉಳಿದ ಒಂದೆರಡು ಡಿಗ್ರಿಯನ್ನು ಅಲೈನ್ ಪ್ಲೇನ್ಸ್ ಪರದೆ ನೋಡಿಕೊಂಡು ಸರಿಪಡಿಸಿ. ಎರಡು ಸಮತಲಗಳು ಸಂಧಿಸುವ ಬಿಂದುಗಳನ್ನೂ, ಅಲ್ಲಿಗೆ ಎಷ್ಟು ಹೊತ್ತು ಎಂಬುದನ್ನೂ ಅದು ತೋರಿಸುತ್ತದೆ. ನಿಲ್ದಾಣದ ಸಮತಲವನ್ನು ಕೆಳಮುಖವಾಗಿ ದಾಟುವ ಅವರೋಹಣ ಬಿಂದುವಿನಲ್ಲಿ ನಾರ್ಮಲ್ ದಿಕ್ಕಿಗೆ, ಮೇಲ್ಮುಖವಾಗಿ ದಾಟುವ ಆರೋಹಣ ಬಿಂದುವಿನಲ್ಲಿ ಆಂಟಿನಾರ್ಮಲ್ ದಿಕ್ಕಿಗೆ ತಿರುಗಿ ಎಂಜಿನ್ ಹಚ್ಚಿ. ಕಕ್ಷೆಯ ಸಮತಲಕ್ಕೆ ಲಂಬವಾದ ಎರಡು ಎದುರುಬದುರು ದಿಕ್ಕುಗಳು ಇವು. ಅರ್ಧವಿರಾಮದ ಕೀ ನಾರ್ಮಲ್‌ಗೆ, ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀ ಆಂಟಿನಾರ್ಮಲ್‌ಗೆ.

ಎರಡನೆಯದು ಸಮಯದ ಹೊಂದಾಣಿಕೆ. ಸಿಂಕ್ ಆರ್ಬಿಟ್ ಪರದೆ ತೆರೆದು ನಿಲ್ದಾಣವನ್ನು ಗುರಿಯಾಗಿ ಕೊಡಿ. ಇಬ್ಬರೂ ಹಾಯುವ ಒಂದು ಬಿಂದುವನ್ನು ನೀವು ಯಾವಾಗ ತಲುಪುತ್ತೀರಿ, ನಿಲ್ದಾಣ ಯಾವಾಗ ತಲುಪುತ್ತದೆ ಎಂದು ಮುಂದಿನ ಹಲವು ಸುತ್ತುಗಳ ವೇಳೆ ಎರಡು ಸಾಲಿನಲ್ಲಿ ಇಳಿದಿರುತ್ತದೆ. ಬಸ್ ನಿಲ್ದಾಣದ ವೇಳಾಪಟ್ಟಿ ಓದಿದಂತೆ. ಆ ಬಿಂದುವಿನಲ್ಲಿ ಇರುವಾಗ ಪ್ರೋಗ್ರೇಡ್ ಇಲ್ಲವೇ ರೆಟ್ರೋಗ್ರೇಡ್ ಉರಿಸಿ, ಮುಂದಿನ ಯಾವುದಾದರೂ ಸುತ್ತಿನಲ್ಲಿ ಎರಡೂ ವೇಳೆ ಒಂದೇ ಆಗುವಂತೆ ಮಾಡಿ, ಅಲ್ಲಿಯವರೆಗೆ ತೇಲಿ. ಆತುರಪಟ್ಟು ಮೊದಲ ಸುತ್ತಿನಲ್ಲಿಯೇ ಸೇರಲು ಹೋಗಬೇಡಿ. ನಾಲ್ಕೈದು ಸುತ್ತು ಬಿಟ್ಟುಕೊಟ್ಟರೆ ಇಂಧನ ಬಹಳ ಉಳಿಯುತ್ತದೆ.

ಮೂರನೆಯದು ಎದುರಾದಾಗ ನಿಲ್ಲುವುದು. ಕೆಲವು ಕಿ.ಮೀ. ದೂರದಲ್ಲಿ ಎಚ್ ಕೀ ಒತ್ತುತ್ತಾ ಗಾಜಿನ ಮೇಲಿನ ಗುರುತುಗಳನ್ನು ಡಾಕಿಂಗ್, ಎಂದರೆ ಜೋಡಣೆಯ, ವಿಧಾನಕ್ಕೆ ತನ್ನಿ. ನಿಲ್ದಾಣಕ್ಕೆ ಹೋಲಿಸಿದರೆ ನೀವು ಯಾವ ಕಡೆಗೆ ಎಷ್ಟು ವೇಗದಲ್ಲಿ ಸರಿಯುತ್ತಿದ್ದೀರಿ ಎಂಬುದನ್ನು ಅದು ತೋರಿಸುತ್ತದೆ. ಆ ವೇಗಕ್ಕೆ ವಿರುದ್ಧ ದಿಕ್ಕಿಗೆ ತಿರುಗಿ, ಅಂಕಿ ಸೊನ್ನೆಯಾಗುವವರೆಗೆ ಎಂಜಿನ್ ಹಚ್ಚಿ. ಈಗ ನಿಲ್ದಾಣ ಕಿಟಕಿಯಲ್ಲಿ ಅಲುಗಾಡದೆ ನಿಂತಿದೆ. ಇನ್ನು ಮುಂದೆ ಮಾತ್ರ ಕಿಟಕಿಯನ್ನು ನಂಬಬಹುದು. ಒಂದೆರಡು ಕಿ.ಮೀ. ಒಳಗೆ, ಕೆಲವು ನಿಮಿಷಗಳ ಮಟ್ಟಿಗೆ, ಕಕ್ಷೆಯ ಗಣಿತ ನಮ್ಮ ದಿನನಿತ್ಯದ ಅನುಭವಕ್ಕೆ ಹತ್ತಿರವಿರುತ್ತದೆ.

ಜೋಡಣೆಗೆ ಮುನ್ನ ಕೆ ಒತ್ತಿ ಡೆಲ್ಟಾ-ಗ್ಲೈಡರಿನ ಮೂತಿಯ ಮುಚ್ಚಳ ತೆರೆಯಿರಿ. ಡಾಕಿಂಗ್ ಬಾಗಿಲು ಇರುವುದು ಅದರೊಳಗೆ. ಕಾಮ್-ನ್ಯಾವ್ ಪರದೆಯಲ್ಲಿ ನಿಲ್ದಾಣದ ಬಾಗಿಲಿನ ರೇಡಿಯೊ ತರಂಗಾಂತರಕ್ಕೆ ರಿಸೀವರ್ ಹೊಂದಿಸಿದರೆ ಡಾಕಿಂಗ್ ಪರದೆಯಲ್ಲಿ ನೀವು ಎಷ್ಟು ಓರೆಯಾಗಿದ್ದೀರಿ, ಎಷ್ಟು ಪಕ್ಕಕ್ಕಿದ್ದೀರಿ ಎಂಬ ಗುರುತುಗಳು ಮೂಡುತ್ತವೆ. ಮೊದಲು ಓರೆ ಸರಿಪಡಿಸಿ, ಆಮೇಲೆ ಪಕ್ಕಕ್ಕಿರುವುದನ್ನು. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ನೂರು ಮೀಟರಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್, ಇಪ್ಪತ್ತು ಮೀಟರಿನಲ್ಲಿ ಇಪ್ಪತ್ತು ಸೆಂಟಿಮೀಟರ್, ಮುಟ್ಟುವಾಗ ಹತ್ತು ಅಥವಾ ಅದಕ್ಕೂ ಕಡಿಮೆ. ನಿಧಾನವೆನಿಸಿದರೂ ಟಿ ಮುಟ್ಟಬೇಡಿ.

ಮರಳಿ ಬರುವುದು

ಕಕ್ಷೆಯಿಂದ ಇಳಿಯಲು ಹೆಚ್ಚು ಬೇಡ. 400 ಕಿ.ಮೀ. ಎತ್ತರದಿಂದ ರೆಟ್ರೋಗ್ರೇಡ್ ದಿಕ್ಕಿಗೆ ಸೆಕೆಂಡಿಗೆ ನೂರು ಮೀಟರ್ ಕಳೆದರೆ ಸಮೀಪಬಿಂದು 50 ಕಿ.ಮೀ.ಗೆ ಇಳಿಯುತ್ತದೆ, ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಇಳಿಯಬೇಕಾದ ಜಾಗಕ್ಕೆ ಸುಮಾರು ಅರ್ಧ ಭೂಮಿಯಷ್ಟು ಮೊದಲೇ ಈ ಉರಿ ನಡೆಯಬೇಕು. ಎಂಜಿನ್ ಆರಿಸಿದ ಮೇಲೆ ಮೂತಿ ಮುಂದಕ್ಕೆ ತಿರುಗಿಸಿ, 120 ಕಿ.ಮೀ. ತಲುಪುವ ಮೊದಲೇ 40 ಡಿಗ್ರಿ ಎತ್ತಿ ಹಿಡಿಯಿರಿ. ನೌಕೆಯ ಅಗಲವಾದ ಹೊಟ್ಟೆ ಗಾಳಿಗೆ ಎದುರಾಗಿ ವೇಗವನ್ನು ಮೇಲಿನ ತೆಳು ಪದರದಲ್ಲಿಯೇ ಕರಗಿಸಬೇಕು. ಷಟಲ್‌ಗಳೂ ಇದೇ ಕೋನದಲ್ಲಿ ಮರಳುತ್ತಿದ್ದವು. ನೌಕೆ ಮತ್ತೆ ಮೇಲಕ್ಕೆ ಚಿಮ್ಮುವಂತೆ ಕಂಡರೆ ಮಗ್ಗುಲಿಗೆ ಓರೆ ಮಾಡಿ. ಎತ್ತುವ ಬಲ ಪಕ್ಕಕ್ಕೆ ಹರಿದು ಏರಿಕೆ ನಿಲ್ಲುತ್ತದೆ. ಮೊದಲ ನಾಲ್ಕೈದು ಬಾರಿ ರನ್‌ವೇಯನ್ನು ಹುಡುಕಬೇಡಿ, ವೇಗ ಕಳೆದುಕೊಂಡು ಹತ್ತು ಕಿ.ಮೀ. ಎತ್ತರದಲ್ಲಿ ಸ್ಥಿರವಾಗಿ ತೇಲುವಷ್ಟಾದರೆ ಅಂದಿನ ಪಾಠ ಮುಗಿಯಿತು. ಉರಿ ಮಾಡುವ ಮೊದಲು ಹಾರಾಟ ಉಳಿಸಿಟ್ಟುಕೊಂಡರೆ ಅದೇ ಇಳಿತವನ್ನು ಬೇರೆ ಬೇರೆ ಗಳಿಗೆಗಳಲ್ಲಿ ಶುರು ಮಾಡಿ ಹೋಲಿಸಿ ನೋಡಬಹುದು.

ಚಂದ್ರನಿಗೆ ಯಾವಾಗ

ಯಾರ ಸಹಾಯವೂ ಇಲ್ಲದೆ ಎರಡು ಬಾರಿ ನಿಲ್ದಾಣಕ್ಕೆ ಜೋಡಿಸಿದ ಮೇಲೆ. ಅದಕ್ಕಿಂತ ಮೊದಲು ಹೊರಟವರು ಸಾಮಾನ್ಯವಾಗಿ ಚಂದ್ರನ ಪಕ್ಕದಲ್ಲೇ ಹಾದು ಸೂರ್ಯನ ಸುತ್ತಲಿನ ಕಕ್ಷೆಗೆ ಹೋಗಿಬಿಡುತ್ತಾರೆ.

ಹೊಸದಾಗಿ ಕಲಿಯುವುದು ಬಹಳವಿಲ್ಲ. ಚಂದ್ರನ ಕಕ್ಷೆಗೆ ಸಮತಲ ಹೊಂದಿಸುವುದು ನಿಲ್ದಾಣಕ್ಕೆ ಮಾಡಿದ್ದೇ. ದೂರಬಿಂದುವನ್ನು 400ರ ಬದಲು 3,84,400 ಕಿ.ಮೀ.ಗೆ ಏರಿಸಬೇಕು, ಅದಕ್ಕೆ ಸೆಕೆಂಡಿಗೆ ಸುಮಾರು 3.1 ಕಿ.ಮೀ. ವೇಗ ಕೂಡಿಸಬೇಕು. ದಾರಿ ನಾಲ್ಕೈದು ದಿನಗಳಷ್ಟು, ಆದ್ದರಿಂದ ಚಂದ್ರ ಈಗಿರುವ ಕಡೆಗಲ್ಲ, ಅಷ್ಟು ದಿನಗಳ ನಂತರ ಇರುವ ಕಡೆಗೆ ಗುರಿ. ಈ ಲೆಕ್ಕಕ್ಕೆ ಜೊತೆಯಲ್ಲೇ ಬರುವ ಟ್ರಾನ್ಸ್ಎಕ್ಸ್ ಪರದೆ ಕಲಿಯಿರಿ. ಮೊದಲಿಗೆ ಒರಟೆನಿಸಿದರೂ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಚಂದ್ರನ ಬಳಿ ಹಾದುಹೋಗುವಾಗ ಅತಿ ಸಮೀಪದ ಬಿಂದುವಿನಲ್ಲಿ ರೆಟ್ರೋಗ್ರೇಡ್ ಉರಿಸಿ ಅದರ ಕಕ್ಷೆಗೆ ಬೀಳಬೇಕು. ಆರ್ಬಿಟ್ ಪರದೆಯ ಆಧಾರವನ್ನು ಭೂಮಿಯಿಂದ ಚಂದ್ರನಿಗೆ ಬದಲಿಸಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಅಂಕಿಗಳು ಅರ್ಥ ಕೊಡುವುದಿಲ್ಲ.

ಇಳಿಯುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿ. ಡೆಲ್ಟಾ-ಗ್ಲೈಡರ್ ಫೋಲ್ಡರಿನಲ್ಲಿಯೇ ಚಂದ್ರನ ಮೇಲಿನ ಬ್ರೈಟನ್ ಬೀಚ್ ನೆಲೆಯಲ್ಲಿ ನಿಂತಿರುವ ಸನ್ನಿವೇಶವಿದೆ. ನಂಬರ್ ಪ್ಯಾಡಿನ ಸೊನ್ನೆ ಹೊಟ್ಟೆಯ ಕೆಳಗಿನ ಎಂಜಿನ್ನಿಗೆ ಬಲ ಕೂಡಿಸುತ್ತದೆ, ಪಕ್ಕದ ಚುಕ್ಕಿ ಕಳೆಯುತ್ತದೆ. ನೂರು ಮೀಟರ್ ಎದ್ದು, ಎಲ್ ಒತ್ತಿ ದಿಗಂತಕ್ಕೆ ಸಮವಾಗಿ ನಿಂತು, ಪಕ್ಕದ ಪ್ಯಾಡಿಗೆ ಸರಿದು, ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನವಾಗಿ ಇಳಿಯಿರಿ. ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಭಾಗ, ಹಾಗಾಗಿ ಎಲ್ಲವೂ ತಡವಾಗಿ ನಡೆಯುತ್ತದೆ. ಬಲ ಕೂಡಿಸಿದ್ದು ಕಾಣುವ ಮೊದಲೇ ಮತ್ತಷ್ಟು ಕೂಡಿಸಿಬಿಡುವ ತಪ್ಪನ್ನು ಬೆರಳುಗಳು ಬಿಡುವವರೆಗೆ ಇದನ್ನೇ ಮಾಡುತ್ತಿರಿ.